ಬೀದರ್ ಮೊದಲನೆಯದೋ, ಕೊನೆಯದೋ? ಝೆಡ್ ಸ್ಕೋರ್ ಲೆಕ್ಕ ಮತ್ತು ಅದರೊಳಗಿನ ರಾಜಕೀಯ

ಕಲ್ಯಾಣ ಕರ್ನಾಟಕದ ಆರು ಜಿಲ್ಲೆಗಳನ್ನು ತಗೊಳ್ಳಿ. 2011ರ ಜನಗಣತಿಯಿಂದ ಎರಡೇ ಎರಡು ಅಂಕಿ ಸಾಕು: ಸಾಕ್ಷರತೆ ಮತ್ತು ಲಿಂಗಾನುಪಾತ. ಎರಡನ್ನೂ ಸೇರಿಸಿ ಒಂದು ಪುಟ್ಟ ಸೂಚ್ಯಂಕ ಮಾಡಿ, ಜಿಲ್ಲೆಗಳಿಗೆ ರ‍್ಯಾಂಕ್ ಕೊಡಿ. ಒಂದು ವಿಧಾನದಲ್ಲಿ ಬೀದರ್ ಕಟ್ಟಕಡೆಗೆ ಬರುತ್ತೆ. ಇನ್ನೊಂದರಲ್ಲಿ ಮೊದಲನೇ ಸ್ಥಾನಕ್ಕೆ ಹೋಗುತ್ತೆ. ಮೂರನೆಯದರಲ್ಲಿ ಐದನೇ ಸ್ಥಾನ. ಬೀದರ್‌ನಲ್ಲಿ ಏನೂ ಬದಲಾಗಿಲ್ಲ, ಜನಗಣತಿಯ ಅಂಕಿಯೂ ಬದಲಾಗಿಲ್ಲ. ಬದಲಾಗಿದ್ದು ಕೂಡಿಸುವ ಮುನ್ನ ಅಂಕಿಗಳನ್ನು ಒಂದೇ ಅಳತೆಗೆ ತಂದ ರೀತಿ ಮಾತ್ರ.

ಈ 'ಒಂದೇ ಅಳತೆಗೆ ತರುವುದು' ಅನ್ನೋದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸ್ಟ್ಯಾಂಡರ್ಡೈಸೇಶನ್ ಅಂತಾರೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ದಾರಿ ಝೆಡ್ ಸ್ಕೋರ್. ಯಾವ ತಾಲೂಕು ಹಿಂದುಳಿದಿದೆ, ಯಾವ ಮಗು ಅಪೌಷ್ಟಿಕ, ಯಾವ ಶಿಫ್ಟಿನ ಪರೀಕ್ಷೆ ಕಷ್ಟವಿತ್ತು ಎಂಬ ಪ್ರಶ್ನೆಗಳ ಹಿಂದೆಲ್ಲ ಇದೇ ಅಥವಾ ಇದರ ಸೋದರಸಂಬಂಧಿ ಲೆಕ್ಕ ಇರುತ್ತೆ. ಸಾಫ್ಟ್‌ವೇರ್‌ನಲ್ಲಿ ಇದು ಒಂದು ಸಾಲಿನ ಕೆಲಸ. ಆ ಒಂದು ಸಾಲಿನಲ್ಲಿ ನಾಲ್ಕೈದು ನಿರ್ಧಾರಗಳು ಅಡಗಿರುತ್ತವೆ, ನಾವು ಕೇಳದಿದ್ದರೆ ಸಾಫ್ಟ್‌ವೇರೇ ನಮ್ಮ ಪರವಾಗಿ ತಗೊಳ್ಳುತ್ತೆ. ಈ ಲೇಖನ ಆ ನಿರ್ಧಾರಗಳ ಬಗ್ಗೆ. ಬೇಕಾದಾಗ ಮತ್ತೆ ತೆಗೆದು ನೋಡೋ ಹಾಗೆ ಭಾಗ ಭಾಗವಾಗಿ ಬರೆದಿದ್ದೇನೆ.

ಝೆಡ್ ಸ್ಕೋರ್ ಅಂದರೇನು?

ಸೂತ್ರ ಸರಳ:

ಝೆಡ್ = (ಮೌಲ್ಯ − ಸರಾಸರಿ) ÷ ಮಾನಕ ವಿಚಲನೆ

ಕನ್ನಡ ಮಾಧ್ಯಮದಲ್ಲಿ ಗಣಿತ ಓದಿದವರಿಗೆ 'ಮಾನಕ ವಿಚಲನೆ' ಪದ ನೆನಪಿರಬಹುದು. ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರಿವೆ ಅನ್ನೋದರ ಅಳತೆ ಅದು. ಎಲ್ಲವೂ ಸರಾಸರಿಯ ಹತ್ತಿರವೇ ಇದ್ದರೆ ಚಿಕ್ಕದು, ದೂರ ದೂರ ಹರಡಿದ್ದರೆ ದೊಡ್ಡದು.

ಝೆಡ್ ಸ್ಕೋರ್ ಹೇಳೋದು ಇಷ್ಟೇ: ಈ ಜಿಲ್ಲೆ ಸರಾಸರಿಯಿಂದ ಎಷ್ಟು 'ಹೆಜ್ಜೆ' ಮೇಲೆ ಅಥವಾ ಕೆಳಗೆ ಇದೆ. ಒಂದು ಹೆಜ್ಜೆ ಅಂದರೆ ಒಂದು ಮಾನಕ ವಿಚಲನೆ. ಸೊನ್ನೆ ಬಂದರೆ ಸರಿಯಾಗಿ ಸರಾಸರಿ, ಪ್ಲಸ್ ಬಂದರೆ ಮೇಲೆ, ಮೈನಸ್ ಬಂದರೆ ಕೆಳಗೆ. ಶೇಕಡಾ, ರೂಪಾಯಿ, ಕಿಲೋಮೀಟರ್ ಎಂಬ ಮೂಲ ಅಳತೆಗಳು ಭಾಗಾಕಾರದಲ್ಲಿ ಹೊಡೆದುಹೋಗುತ್ತವೆ. ಹಾಗಾಗಿಯೇ ಸಾಕ್ಷರತೆಯನ್ನೂ ಲಿಂಗಾನುಪಾತವನ್ನೂ ಅಕ್ಕಪಕ್ಕ ಇಡಲು ಸಾಧ್ಯ.

ಆರು ಜಿಲ್ಲೆ, ಎರಡು ಅಂಕಿ

2011ರ ಜನಗಣತಿಯ ಪ್ರಕಾರ ಸಾಕ್ಷರತೆ (ಶೇಕಡಾ) ಮತ್ತು ಲಿಂಗಾನುಪಾತ (1000 ಗಂಡಸರಿಗೆ ಎಷ್ಟು ಹೆಂಗಸರು):

- ಬೀದರ್: 70.51 ಮತ್ತು 956
- ಕಲಬುರಗಿ: 64.85 ಮತ್ತು 971
- ಯಾದಗಿರಿ: 51.83 ಮತ್ತು 989
- ರಾಯಚೂರು: 59.56 ಮತ್ತು 1000
- ಕೊಪ್ಪಳ: 68.09 ಮತ್ತು 986
- ಬಳ್ಳಾರಿ: 67.43 ಮತ್ತು 983

(2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು, ಇಲ್ಲಿರುವುದು ಹಳೆಯ ಅವಿಭಜಿತ ಬಳ್ಳಾರಿ.)

ಮೊದಲನೇ ವಿಧಾನ, ಹಾಗೇ ಕೂಡಿಸೋದು. ರಾಯಚೂರು 1059.56, ಕೊಪ್ಪಳ 1054.09, ಬಳ್ಳಾರಿ 1050.43, ಯಾದಗಿರಿ 1040.83, ಕಲಬುರಗಿ 1035.85, ಬೀದರ್ 1026.51. ಅರ್ಧದಷ್ಟು ಜನರಿಗೆ ಮಾತ್ರ ಅಕ್ಷರ ಬರುವ ಯಾದಗಿರಿ ಇಲ್ಲಿ ಬೀದರ್‌ಗಿಂತ ಮುಂದೆ! ಕಾರಣ ಸ್ಪಷ್ಟ: ಲಿಂಗಾನುಪಾತ ಸಾವಿರದ ಲೆಕ್ಕದಲ್ಲಿದೆ, ಅದರ ಏರಿಳಿತ 44 ಅಂಶ. ಸಾಕ್ಷರತೆ ನೂರರ ಲೆಕ್ಕದಲ್ಲಿದೆ, ಏರಿಳಿತ 19 ಅಂಶದೊಳಗೆ. ದೊಡ್ಡ ದನಿಯವರು ಮಾತಾಡಿದ್ದೇ ಮಾತು. ಯಾರೂ ಇಷ್ಟು ಒರಟಾಗಿ ಮಾಡಲ್ಲ ಅನ್ನಬೇಡಿ, 'ಒಟ್ಟು ಅಂಕ' ಅಂತ ಬೇರೆ ಬೇರೆ ಅಳತೆಗಳನ್ನು ಕೂಡಿಸಿದ ಪಟ್ಟಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎರಡನೇ ವಿಧಾನ, ಪ್ರತಿ ಅಂಕಿಯನ್ನೂ ಅದರ ಸರಾಸರಿಯಿಂದ ಭಾಗಿಸೋದು. ಸಾಕ್ಷರತೆಯ ಸರಾಸರಿ 63.71, ಲಿಂಗಾನುಪಾತದ್ದು 980.83. ಭಾಗಿಸಿ, ಎರಡರ ಸರಾಸರಿ ತೆಗೆದರೆ: ಬೀದರ್ 1.04, ಕೊಪ್ಪಳ 1.04, ಬಳ್ಳಾರಿ 1.03, ಕಲಬುರಗಿ 1.00, ರಾಯಚೂರು 0.98, ಯಾದಗಿರಿ 0.91. ಮೂರನೇ ದಶಮಾಂಶಕ್ಕೆ ಹೋದರೆ ಬೀದರ್ 1.041, ಕೊಪ್ಪಳ 1.037. ಬೀದರ್ ಈಗ ಮೊದಲನೆಯದು. ನೋಡೋಕೆ ನ್ಯಾಯವಾಗಿದೆ, ಆದರೆ ಭಾಗಿಸಿದ ಮೇಲೆ ಸಾಕ್ಷರತೆ 0.81ರಿಂದ 1.11ರವರೆಗೆ ಹರಡಿದೆ, ಲಿಂಗಾನುಪಾತ 0.97ರಿಂದ 1.02ರೊಳಗೆ ಮುದುಡಿಕೊಂಡಿದೆ. ಅಂದರೆ ಈ ಸಲ ರ‍್ಯಾಂಕ್ ನಿರ್ಧರಿಸಿದ್ದು ಬಹುಪಾಲು ಸಾಕ್ಷರತೆ ಒಂದೇ. ಎರಡಕ್ಕೂ ಸಮಾನ ತೂಕ ಕೊಟ್ಟಿದ್ದೇವೆ ಅಂತ ನಾವು ಅಂದುಕೊಂಡಿದ್ದಷ್ಟೇ.

ಮೂರನೇ ವಿಧಾನ, ಝೆಡ್ ಸ್ಕೋರ್. ಸಾಕ್ಷರತೆಯ ಮಾನಕ ವಿಚಲನೆ 6.91, ಲಿಂಗಾನುಪಾತದ್ದು 15.35. ಸಾಕ್ಷರತೆಯ ಝೆಡ್, ಲಿಂಗಾನುಪಾತದ ಝೆಡ್, ಎರಡರ ಸರಾಸರಿ, ಈ ಕ್ರಮದಲ್ಲಿ:

- ಕೊಪ್ಪಳ: 0.63, 0.34, ಸರಾಸರಿ 0.48
- ಬಳ್ಳಾರಿ: 0.54, 0.14, ಸರಾಸರಿ 0.34
- ರಾಯಚೂರು: −0.60, 1.25, ಸರಾಸರಿ 0.32
- ಕಲಬುರಗಿ: 0.16, −0.64, ಸರಾಸರಿ −0.24
- ಬೀದರ್: 0.98, −1.62, ಸರಾಸರಿ −0.32
- ಯಾದಗಿರಿ: −1.72, 0.53, ಸರಾಸರಿ −0.59

(ಸರಾಸರಿಯನ್ನು ಪೂರ್ತಿ ದಶಮಾಂಶಗಳಿಂದ ತೆಗೆದಿದ್ದೇನೆ, ಇಲ್ಲಿ ಎರಡಕ್ಕೆ ಮೊಟಕಾಗಿಸಿದೆ.)

ಈಗ ಎರಡೂ ಸೂಚಕಗಳ ಹರವು ಒಂದೇ. ಬೀದರ್ ಸಾಕ್ಷರತೆಯಲ್ಲಿ ಆರರಲ್ಲಿ ಮೊದಲು, ಲಿಂಗಾನುಪಾತದಲ್ಲಿ ಕೊನೆ. ಎರಡೂ ಸೇರಿ ಐದನೇ ಸ್ಥಾನ. ಯಾದಗಿರಿಯ ಸಾಕ್ಷರತೆ ಎಷ್ಟು ಕೆಳಗಿದೆ ಅನ್ನೋದೂ ಮುಚ್ಚಿಹೋಗಿಲ್ಲ.

ಹಾಗಂತ ಝೆಡ್ ಸ್ಕೋರ್ ಹೇಳಿದ್ದೇ 'ಸತ್ಯ' ಅಲ್ಲ. ಅದು ಒಂದು ನಿಲುವು: 'ಎರಡೂ ಸೂಚಕಗಳ ಏರಿಳಿತಕ್ಕೆ ಸಮಾನ ಬೆಲೆ ಕೊಡೋಣ' ಎಂಬ ನಿಲುವು. ಸಾಕ್ಷರತೆಯ 7 ಅಂಶವೂ ಲಿಂಗಾನುಪಾತದ 15 ಅಂಶವೂ ಸಮ ಅಂತ ನಾವು ಒಪ್ಪಿಕೊಂಡಂತೆ. ಯಾಕೆ ಸಮ ಅಂತ ಕೇಳಿದರೆ ಗಣಿತದಲ್ಲಿ ಉತ್ತರ ಇಲ್ಲ. ಅದಕ್ಕೆ ರಾಜಕೀಯವಾಗಿಯೇ ಉತ್ತರ ಕೊಡಬೇಕು.

ಇದರಿಂದ ಯಾರಿಗೆ ಏನಾಗುತ್ತೆ?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ನೆನಪಿಸಿಕೊಳ್ಳಿ. 35 ಸೂಚಕಗಳನ್ನು ಸೇರಿಸಿ ಸಮಗ್ರ ಅಭಿವೃದ್ಧಿ ಸೂಚ್ಯಂಕ ಮಾಡಿದರು. ರಾಜ್ಯದ ಸರಾಸರಿ 1. ಅದಕ್ಕಿಂತ ಕಡಿಮೆ ಬಂದ ತಾಲೂಕು ಹಿಂದುಳಿದದ್ದು. ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಅಂತಾಯಿತು: 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ, 35 ಹಿಂದುಳಿದ. 114ರಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣದವು. ಅತ್ಯಂತ ಹಿಂದುಳಿದ 39ರಲ್ಲಿ ಮಾತ್ರ 26 ಉತ್ತರದವು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ ಈ ವಿಂಗಡಣೆಯೇ ಆಧಾರ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಿಧಾನಸಭೆಯ ಭಾಷಣಗಳಲ್ಲಿ, ಬಜೆಟ್ ಪುಸ್ತಕಗಳಲ್ಲಿ ಇದೇ ಪಟ್ಟಿ ಓಡಾಡಿದೆ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೆ ಹೊಸ ಸಮಿತಿ ಬಂತು.

ಇಂಥ ಪಟ್ಟಿಯಲ್ಲಿ 0.99 ಬಂದ ತಾಲೂಕಿಗೂ 1.01 ಬಂದ ತಾಲೂಕಿಗೂ ನೆಲದ ಮೇಲೆ ವ್ಯತ್ಯಾಸ ಹೆಚ್ಚು ಇರಲ್ಲ. ಕಡತದಲ್ಲಿ ಮಾತ್ರ ಒಂದು ಗೆರೆಯ ಒಳಗೆ, ಇನ್ನೊಂದು ಹೊರಗೆ. ಗೆರೆಯ ಹತ್ತಿರ ಇರುವ ತಾಲೂಕುಗಳ ಭವಿಷ್ಯವನ್ನು ಅಳತೆಗೆ ತರುವ ವಿಧಾನವೇ ಅತ್ತಿತ್ತ ತಳ್ಳಬಲ್ಲದು. ಆರು ಜಿಲ್ಲೆ, ಎರಡು ಸೂಚಕದಲ್ಲೇ ಬೀದರ್ ಅಷ್ಟು ಜಿಗಿದಾಡಿದರೆ 35 ಸೂಚಕದಲ್ಲಿ ಏನೇನಾಗಬಹುದು, ಯೋಚಿಸಿ.

ಸಾಫ್ಟ್‌ವೇರ್‌ನಲ್ಲಿ ಮಾಡೋದು ಹೇಗೆ?

*ಎಕ್ಸೆಲ್, ಲಿಬ್ರೆ ಆಫೀಸ್:* 'ಸ್ಟ್ಯಾಂಡರ್ಡೈಸ್' ಅಂತ ಫಂಕ್ಷನ್ ಇದೆ. ಅದಕ್ಕೆ ಮೂರು ವಿಷಯ ಕೊಡಬೇಕು: ಮೌಲ್ಯ, ಸರಾಸರಿ, ಮಾನಕ ವಿಚಲನೆ. ಸರಾಸರಿ ಮತ್ತು ವಿಚಲನೆಯನ್ನು ಬೇರೆ ಸೆಲ್‌ನಲ್ಲಿ ಲೆಕ್ಕ ಹಾಕಿ, ಆ ಸೆಲ್‌ಗಳಿಗೆ ಡಾಲರ್ ಚಿಹ್ನೆ ಹಾಕಿ ಬಿಗಿಮಾಡಿ. ಇಲ್ಲದಿದ್ದರೆ ಸೂತ್ರವನ್ನು ಕೆಳಗೆ ಎಳೆದಾಗ ಸರಾಸರಿಯ ಜಾಗವೂ ಕೆಳಗೆ ಜಾರುತ್ತೆ.

*ಎಸ್‌ಪಿಎಸ್‌ಎಸ್:* 'ಅನಲೈಸ್' ಮೆನುವಿನ 'ಡಿಸ್ಕ್ರಿಪ್ಟಿವ್ ಸ್ಟ್ಯಾಟಿಸ್ಟಿಕ್ಸ್' ಒಳಗೆ 'ಡಿಸ್ಕ್ರಿಪ್ಟಿವ್ಸ್'. ಅಲ್ಲಿ ಸ್ಟ್ಯಾಂಡರ್ಡೈಸ್ ಆದ ಮೌಲ್ಯಗಳನ್ನು ಹೊಸ ವೇರಿಯಬಲ್ ಆಗಿ ಉಳಿಸು ಎಂಬ ಪುಟ್ಟ ಚೌಕ ಇರುತ್ತೆ, ಅದಕ್ಕೆ ಟಿಕ್ ಹಾಕಿದರೆ ಮುಗೀತು. ಹಳೆಯ ಹೆಸರಿನ ಮುಂದೆ ಝೆಡ್ ಅಕ್ಷರ ಅಂಟಿಕೊಂಡು ಹೊಸ ಕಾಲಂ ಬರುತ್ತೆ.

*ಸ್ಟೇಟಾ:* 'ಈಜೆನ್' ಕಮಾಂಡ್‌ನ ಒಳಗಿನ 'ಎಸ್‌ಟಿಡಿ' ಫಂಕ್ಷನ್.

*ಆರ್:* 'ಸ್ಕೇಲ್' ಫಂಕ್ಷನ್. ಹೊರಬರೋದು ಸಾದಾ ಕಾಲಂ ಅಲ್ಲ, ಮ್ಯಾಟ್ರಿಕ್ಸ್. ಮುಂದಿನ ಹಂತಗಳಲ್ಲಿ ಕೆಲವೊಮ್ಮೆ ತಕರಾರು ಬರುತ್ತೆ, ಹಾಗಾಗಿ ಅದನ್ನು ಸಾದಾ ಸಂಖ್ಯೆಯ ಸಾಲಾಗಿ ಬದಲಿಸಿಕೊಳ್ಳೋದು ಒಳ್ಳೇದು.

*ಪೈಥಾನ್:* ಸೈಪೈ ಲೈಬ್ರರಿಯ 'ಝೆಡ್‌ಸ್ಕೋರ್' ಅಥವಾ ಸೈಕಿಟ್-ಲರ್ನ್‌ನ 'ಸ್ಟ್ಯಾಂಡರ್ಡ್ ಸ್ಕೇಲರ್'. ಪಾಂಡಾಸ್‌ನಲ್ಲಿ ಸರಾಸರಿ ಕಳೆದು ವಿಚಲನೆಯಿಂದ ಭಾಗಿಸಿದರೂ ಆಯ್ತು.

ಎಲ್ಲಿ ಮಾಡಿದರೂ ಕೊನೆಗೆ ಒಂದು ಪರೀಕ್ಷೆ ಮಾಡಿ: ಹೊಸ ಕಾಲಂನ ಸರಾಸರಿ 0, ಮಾನಕ ವಿಚಲನೆ 1 ಬರಬೇಕು. ಸೊನ್ನೆಯ ಬದಲು ದಶಮಾಂಶದ ಹದಿನೈದನೇ ಹದಿನಾರನೇ ಸ್ಥಾನದಲ್ಲಿ ಏನೋ ಒಂದು ಚೂರು ಕಂಡರೆ ಗಾಬರಿ ಬೇಡ, ಅದು ಕಂಪ್ಯೂಟರ್ ಲೆಕ್ಕದ ಉಳಿಕೆ.

ಒಂದೇ ಡೇಟಾ, ಬೇರೆ ಉತ್ತರ: ಯಾಕೆ?

ಇದು ಬಹಳ ಜನಕ್ಕೆ ತಲೆ ಕೆಡಿಸೋ ವಿಷಯ. ಯಾದಗಿರಿಯ ಸಾಕ್ಷರತೆಗೆ ಆರ್‌ನಲ್ಲಿ −1.72 ಬರುತ್ತೆ, ಸೈಪೈನಲ್ಲಿ −1.88. ಎರಡೂ ಸರಿಯೇ.

ಮಾನಕ ವಿಚಲನೆಗೆ ಎರಡು ಸೂತ್ರ ಇವೆ. ಒಂದರಲ್ಲಿ ವರ್ಗಗಳ ಮೊತ್ತವನ್ನು ಒಟ್ಟು ಸಂಖ್ಯೆಯಿಂದ ಭಾಗಿಸ್ತಾರೆ, ಇನ್ನೊಂದರಲ್ಲಿ ಒಂದು ಕಡಿಮೆ ಮಾಡಿ ಭಾಗಿಸ್ತಾರೆ. ನಮ್ಮಲ್ಲಿರುವುದು ಪೂರ್ತಿ ಸಮೂಹವಾದರೆ ಮೊದಲನೆಯದು, ದೊಡ್ಡ ಸಮೂಹದಿಂದ ಆರಿಸಿದ ಮಾದರಿಯಾದರೆ ಎರಡನೆಯದು. ಆರ್, ಸ್ಟೇಟಾ, ಎಸ್‌ಪಿಎಸ್‌ಎಸ್, ಪಾಂಡಾಸ್ ಇವೆಲ್ಲ ಹೇಳದೇ ಇದ್ದರೆ ಒಂದು ಕಡಿಮೆ ಮಾಡುತ್ತವೆ. ನಂಪೈ, ಸೈಪೈನ ಝೆಡ್‌ಸ್ಕೋರ್, ಸೈಕಿಟ್-ಲರ್ನ್ ಮಾಡಲ್ಲ. ಎಕ್ಸೆಲ್‌ನಲ್ಲಿ ಎರಡಕ್ಕೂ ಬೇರೆ ಫಂಕ್ಷನ್: ಹೆಸರಿನ ಕೊನೆಯಲ್ಲಿ 'ಎಸ್' ಇದ್ದರೆ ಮಾದರಿಯದು, 'ಪಿ' ಇದ್ದರೆ ಸಮೂಹದ್ದು.

ಆರು ಜಿಲ್ಲೆಯಲ್ಲಿ ಇದರ ವ್ಯತ್ಯಾಸ ಸುಮಾರು ಶೇ 9.5. 175 ತಾಲೂಕಿನಲ್ಲಿ ಶೇ 0.3 ಮಾತ್ರ. ಎಲ್ಲ ಕಾಲಂಗೂ ಒಂದೇ ಸೂತ್ರ ಬಳಸಿದರೆ ರ‍್ಯಾಂಕ್ ಬದಲಾಗಲ್ಲ. ಒಂದು ಕಾಲಂ ಪಾಂಡಾಸ್‌ನಲ್ಲಿ, ಇನ್ನೊಂದು ಸೈಪೈನಲ್ಲಿ ಮಾಡಿ ಕೂಡಿಸಿದರೆ ಮಾತ್ರ ಒಂದಕ್ಕೆ ಗೊತ್ತಿಲ್ಲದೇ ಹೆಚ್ಚು ತೂಕ ಬೀಳುತ್ತೆ.

ಖಾಲಿ ಸೆಲ್‌ಗಳದ್ದು ಇನ್ನೂ ದೊಡ್ಡ ತೊಂದರೆ. ಎಕ್ಸೆಲ್ ಸರಾಸರಿ ತೆಗೆಯುವಾಗ ಖಾಲಿ ಸೆಲ್ ಬಿಟ್ಟುಬಿಡುತ್ತೆ. ಆದರೆ ಅದೇ ಖಾಲಿ ಸೆಲ್‌ಗೆ ಸ್ಟ್ಯಾಂಡರ್ಡೈಸ್ ಸೂತ್ರ ಎಳೆದರೆ ಅದನ್ನು ಸೊನ್ನೆ ಅಂತ ಓದುತ್ತೆ! ನಮ್ಮ ಉದಾಹರಣೆಯಲ್ಲಿ ಸಾಕ್ಷರತೆ ತುಂಬದ ಜಿಲ್ಲೆಗೆ −9.2 ಬಂದು ಕೂರುತ್ತೆ. ಮಾಹಿತಿ ಕಳಿಸದ ತಾಲೂಕು ರಾತ್ರೋರಾತ್ರಿ 'ಅತ್ಯಂತ ಹಿಂದುಳಿದ' ತಾಲೂಕಾಗುತ್ತೆ. ಆರ್‌ನ ಸ್ಕೇಲ್ ಖಾಲಿ ಇರುವುದನ್ನು ಖಾಲಿಯಾಗಿಯೇ ಬಿಟ್ಟು ಉಳಿದವುಗಳ ಲೆಕ್ಕ ಮಾಡುತ್ತೆ. ಸೈಪೈ ಏನೂ ಹೇಳದಿದ್ದರೆ ಒಂದು ಖಾಲಿಗೆ ಇಡೀ ಕಾಲಂ ಅನ್ನೇ ಖಾಲಿ ಮಾಡುತ್ತೆ. ಸಿಟ್ಟು ಬರಿಸುತ್ತೆ, ಆದರೆ ಎಕ್ಸೆಲ್‌ನ ಮೌನಕ್ಕಿಂತ ವಾಸಿ, ಕನಿಷ್ಠ ಗೊತ್ತಾಗುತ್ತಲ್ಲ.

ಯಾರ ಸರಾಸರಿ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಮೇಲಿನ ಪಟ್ಟಿಯಲ್ಲಿ ಬಳ್ಳಾರಿಯ ಸಾಕ್ಷರತೆಗೆ 0.54, ಪ್ಲಸ್. ಚೆನ್ನಾಗಿದೆ ಅನ್ಸುತ್ತೆ ಅಲ್ವಾ? ಆದರೆ 2011ರಲ್ಲಿ ಇಡೀ ಕರ್ನಾಟಕದ ಸಾಕ್ಷರತೆ ಶೇ 75.36. ಆ ಆರೂ ಜಿಲ್ಲೆ, ಬೀದರ್ ಕೂಡ, ರಾಜ್ಯದ ಮಟ್ಟಕ್ಕಿಂತ ಕೆಳಗೇ ಇದ್ದವು. ನಾವು ಆರನ್ನೇ ಒಂದು ಲೋಕ ಅಂತ ಮಾಡಿಕೊಂಡು ಸರಾಸರಿ ತೆಗೆದಿದ್ದರಿಂದ ನಾಲ್ಕು ಜಿಲ್ಲೆಗೆ ಪ್ಲಸ್ ಬಂತು. ಬಡವರ ಮನೆಗಳನ್ನಷ್ಟೇ ಸಾಲಾಗಿ ನಿಲ್ಲಿಸಿ ಅಳೆದರೂ ಅರ್ಧ ಮನೆಗಳು 'ಸರಾಸರಿಗಿಂತ ಮೇಲೆ' ಬರುತ್ತವೆ.

ಸಾಫ್ಟ್‌ವೇರ್‌ನಲ್ಲಿ ಈ ಜಾರುವಿಕೆ ಬಹಳ ಸುಲಭ. ವಿಭಾಗವಾರು ಗುಂಪು ಮಾಡಿ, ಅಥವಾ ಎಸ್‌ಪಿಎಸ್‌ಎಸ್‌ನಲ್ಲಿ 'ಸ್ಪ್ಲಿಟ್ ಫೈಲ್' ಆನ್ ಇಟ್ಟು ಝೆಡ್ ಸ್ಕೋರ್ ತೆಗೆದರೆ ಪ್ರತಿ ವಿಭಾಗದ ಸರಾಸರಿಯೂ ಸೊನ್ನೆ ಆಗುತ್ತೆ. ಕಲಬುರಗಿ ವಿಭಾಗ, ಮೈಸೂರು ವಿಭಾಗ ಎರಡೂ ಸಮ. ಪ್ರಾದೇಶಿಕ ಅಸಮಾನತೆ ಒಂದೇ ಕ್ಲಿಕ್‌ಗೆ ಮಾಯ. ವಿಭಾಗದ ಒಳಗಿನ ಅಂತರ ನೋಡಬೇಕಾದರೆ ಅದು ಸರಿಯಾದ ಲೆಕ್ಕ. ವಿಭಾಗಗಳ ನಡುವಿನ ಅಂತರ ನೋಡಬೇಕಾದವರಿಗೆ ಅದು ತಪ್ಪು ಲೆಕ್ಕ.

ಕಾಲದ ವಿಷಯದಲ್ಲೂ ಹೀಗೇ. 2001ರ ಅಂಕಿಗೆ ಬೇರೆ, 2011ರದ್ದಕ್ಕೆ ಬೇರೆ ಝೆಡ್ ಸ್ಕೋರ್ ತೆಗೆದರೆ ಎರಡೂ ವರ್ಷದ ಸರಾಸರಿ ಸೊನ್ನೆ. ಎಲ್ಲರೂ ಹತ್ತು ಅಂಶ ಮೇಲೆ ಬಂದಿದ್ದರೂ ಪ್ರಗತಿ ಕಾಣಲ್ಲ. 'ನಮ್ಮ ಜಿಲ್ಲೆಯ ಸ್ಕೋರ್ ಇಳಿದಿದೆ' ಅಂತ ವಿರೋಧ ಪಕ್ಷ ಕೂಗಿದರೆ ಅದು ಜಿಲ್ಲೆ ಹಿಂದೆ ಹೋಗಿದ್ದರಿಂದಲೂ ಇರಬಹುದು, ಉಳಿದವರು ಇನ್ನೂ ಬೇಗ ಓಡಿದ್ದರಿಂದಲೂ ಇರಬಹುದು. ಪ್ರಗತಿ ಅಳೆಯಬೇಕಾದರೆ ಎರಡೂ ವರ್ಷಕ್ಕೆ ಒಂದೇ ಸರಾಸರಿ, ಒಂದೇ ವಿಚಲನೆ ಬಳಸಬೇಕು.

ಮಗುವಿನ ಎತ್ತರದ ಝೆಡ್ ಸ್ಕೋರ್

'ಯಾರ ಸರಾಸರಿ' ಅನ್ನೋ ಪ್ರಶ್ನೆ ಜೀವಂತವಾಗಿ ಕಾಣೋದು ಮಕ್ಕಳ ಪೌಷ್ಟಿಕತೆಯಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 'ಕುಂಠಿತ ಬೆಳವಣಿಗೆ' ಅಂದರೆ ವಯಸ್ಸಿಗೆ ತಕ್ಕ ಎತ್ತರದ ಝೆಡ್ ಸ್ಕೋರ್ −2ಕ್ಕಿಂತ ಕೆಳಗೆ ಇರುವುದು. ಎತ್ತರಕ್ಕೆ ತಕ್ಕ ತೂಕದ ಝೆಡ್ −3ಕ್ಕಿಂತ ಕೆಳಗಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಗುರುತು. 2015-16ರ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಭಾರತದಲ್ಲಿ ಶೇ 38.4, ಕರ್ನಾಟಕದಲ್ಲಿ 36.2. 2019-21ರಲ್ಲಿ ಭಾರತದ್ದು 35.5ಕ್ಕೆ ಇಳಿಯಿತು, ಕರ್ನಾಟಕದ್ದು 35.4. ನಮ್ಮ ರಾಜ್ಯದಲ್ಲಿ ಇಳಿದಿದ್ದು ಒಂದು ಅಂಶವೂ ಇಲ್ಲ.

ಇಲ್ಲಿ ಸರಾಸರಿ ನಮ್ಮ ಮಕ್ಕಳದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡದ್ದು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶಗಳಲ್ಲಿ ಒಳ್ಳೆಯ ಪರಿಸರದಲ್ಲಿ, ಎದೆಹಾಲು ಕುಡಿದು ಬೆಳೆದ ಮಕ್ಕಳನ್ನು ಅಳೆದು ಮಾಡಿದ್ದು. ಭಾರತದ ಮಕ್ಕಳನ್ನು ದೆಹಲಿಯಲ್ಲಿ ಆರಿಸಿದ್ದರು.

ಈಗ ಸಮೀಕ್ಷೆಯ ಡೇಟಾ ತೆರೆದು, ಎತ್ತರದ ಕಾಲಂಗೆ ಆರ್‌ನ ಸ್ಕೇಲ್ ಹಾಕಿದರೆ ಏನಾಗುತ್ತೆ? ನಮ್ಮ ಮಕ್ಕಳ ಸರಾಸರಿಯೇ ಸೊನ್ನೆ ಆಗುತ್ತೆ. ಅಂಕಿಗಳು ಗಂಟೆಯಾಕಾರದಲ್ಲಿ ಹರಡಿದ್ದರೆ −2ಕ್ಕಿಂತ ಕೆಳಗೆ ಯಾವಾಗಲೂ ಶೇ 2.3ರಷ್ಟೇ ಉಳಿಯುತ್ತಾರೆ. ಇಡೀ ರಾಜ್ಯ ಹಸಿದಿದ್ದರೂ ಅಷ್ಟೇ, ಹೊಟ್ಟೆ ತುಂಬಿದ್ದರೂ ಅಷ್ಟೇ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳ ಸಮಸ್ಯೆ ಎರಡು ಶೇಕಡಾ ಆಗಿ ಕಾಣುತ್ತೆ. ಹಾಗಾಗಿ ಈ ಕೆಲಸಕ್ಕೆ ಸಾದಾ ಫಂಕ್ಷನ್ ಬಳಸಬಾರದು. ವಯಸ್ಸು, ಲಿಂಗ ನೋಡಿ ಮಾನದಂಡದ ಕೋಷ್ಟಕದಿಂದ ಲೆಕ್ಕ ಹಾಕುವ 'ಆಂಥ್ರೊ' ಎಂಬ ತಂತ್ರಾಂಶವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕೊಡುತ್ತೆ, ಆರ್‌ನಲ್ಲೂ ಅದೇ ಹೆಸರಿನ ಪ್ಯಾಕೇಜ್ ಇದೆ.

ಈ ಮಾನದಂಡ ಭಾರತಕ್ಕೆ ಹೊಂದುತ್ತಾ ಎಂಬ ಜಗಳ ಇದೆ. ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯಾ 2013ರಲ್ಲಿ, ಇದು ಭಾರತದ ಅಪೌಷ್ಟಿಕತೆಯನ್ನು ಹಿಗ್ಗಿಸಿ ತೋರಿಸುತ್ತೆ ಅಂತ ವಾದಿಸಿದರು. ಚೆನ್ನಾಗಿ ಬೆಳೆಯಲು ಅವಕಾಶ ಸಿಕ್ಕ ದೆಹಲಿಯ ಮಕ್ಕಳು ಉಳಿದ ದೇಶಗಳ ಮಕ್ಕಳ ಹಾಗೇ ಬೆಳೆದಿದ್ದಾರಲ್ಲ ಅನ್ನೋದು ಎದುರುವಾದ. ನಾನು ಎರಡನೇ ವಾದದ ಕಡೆ. ಆದರೆ ಯಾವ ಕಡೆ ನಿಂತರೂ ಗಮನಿಸಿ: ಜಗಳ ನಡೀತಿರೋದು ಸೂತ್ರದ ಬಗ್ಗೆ ಅಲ್ಲ, ಸೂತ್ರದೊಳಗೆ ಯಾರ ಸರಾಸರಿ ಕೂರಬೇಕು ಅನ್ನೋದರ ಬಗ್ಗೆ.

ಝೆಡ್ ಸ್ಕೋರ್ ಏನು ಮಾಡಲ್ಲ?

ಒಂದು, ಅದು ಅಂಕಿಗಳ ಹರವಿನ ಆಕಾರ ಬದಲಿಸಲ್ಲ. ತಲಾ ಆದಾಯದ ಪಟ್ಟಿಯಲ್ಲಿ ಬೆಂಗಳೂರು ನಗರ ಮುಗಿಲೆತ್ತರಕ್ಕಿದ್ದರೆ ಝೆಡ್ ತೆಗೆದ ಮೇಲೂ ಹಾಗೇ ಇರುತ್ತೆ. ಆ ಒಂದು ಜಿಲ್ಲೆಯೇ ಸರಾಸರಿಯನ್ನೂ ವಿಚಲನೆಯನ್ನೂ ಎಳೆದುಕೊಂಡು ಹೋಗಿರುತ್ತೆ, ಉಳಿದ ಜಿಲ್ಲೆಗಳು ಒಂದರ ಮೈಮೇಲೆ ಒಂದು ಬಿದ್ದಂತೆ ಹತ್ತಿರ ಹತ್ತಿರ ಕಾಣುತ್ತವೆ. ಆದಾಯದಂಥ ಅಂಕಿಗೆ ಮೊದಲು ಲಾಗ್ ತೆಗೆದು ಆಮೇಲೆ ಝೆಡ್ ಮಾಡೋದು ರೂಢಿ.

ಎರಡು, '3ಕ್ಕಿಂತ ಹೆಚ್ಚಿದ್ದರೆ ವಿಪರೀತ ಮೌಲ್ಯ' ಎಂಬ ಜನಪ್ರಿಯ ನಿಯಮ ಸಣ್ಣ ಪಟ್ಟಿಯಲ್ಲಿ ಕೆಲಸವೇ ಮಾಡಲ್ಲ. ಆರು ಅಂಕಿಗಳ ಪಟ್ಟಿಯಲ್ಲಿ ಝೆಡ್ 2.04 ದಾಟುವುದು ಗಣಿತದಲ್ಲೇ ಅಸಾಧ್ಯ. 3 ದಾಟಬೇಕಾದರೆ ಪಟ್ಟಿಯಲ್ಲಿ ಕನಿಷ್ಠ 11 ಅಂಕಿ ಬೇಕು.

ಮೂರು, ದಿಕ್ಕು ಅದಕ್ಕೆ ಗೊತ್ತಿಲ್ಲ. ಶಿಶು ಮರಣ ಹೆಚ್ಚಾದರೆ ಝೆಡ್ ಪ್ಲಸ್ ಬರುತ್ತೆ. ಸೂಚ್ಯಂಕಕ್ಕೆ ಸೇರಿಸುವ ಮುನ್ನ ಚಿಹ್ನೆ ತಿರುಗಿಸೋದು ನಮ್ಮ ಕೆಲಸ. ಕೆಲವಕ್ಕೆ ದಿಕ್ಕೇ ಸ್ಪಷ್ಟ ಇರಲ್ಲ. ಲಿಂಗಾನುಪಾತ 1000 ಇದ್ದರೆ ಹೆಣ್ಣುಮಕ್ಕಳಿಗೆ ಒಳ್ಳೆಯ ಜಿಲ್ಲೆ ಅಂತಲೇ ಅರ್ಥವಾ? ಗಂಡಸರು ಕೆಲಸ ಹುಡುಕಿಕೊಂಡು ಗುಳೆ ಹೋದರೂ ಅದು ಏರುತ್ತೆ. ರಾಯಚೂರಿನ 1.25 ನೋಡಿ ಖುಷಿಪಡುವ ಮುನ್ನ ಈ ಪ್ರಶ್ನೆ ಕೇಳಬೇಕು. ರಾಯಚೂರು, ಯಾದಗಿರಿ ಎರಡೂ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿರುವುದನ್ನು ಮರೆಯಬಾರದು.

ನಾಲ್ಕು, ಒಂದೇ ವಿಷಯವನ್ನು ಎರಡು ಸಲ ಎಣಿಸಿದರೆ ಅದು ತಡೆಯಲ್ಲ. ಶಾಲೆ ಕಟ್ಟಡ, ಶಿಕ್ಷಕರು, ದಾಖಲಾತಿ ಮೂರನ್ನೂ ಸೇರಿಸಿದರೆ ಶಿಕ್ಷಣಕ್ಕೆ ಮೂರು ಪಟ್ಟು ತೂಕ ಬಿದ್ದಂತೆ. ಇದನ್ನು ನಿಭಾಯಿಸಲು ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್ ಬಳಸ್ತಾರೆ. ಕುಟುಂಬ ಆರೋಗ್ಯ ಸಮೀಕ್ಷೆಯ ಸಂಪತ್ತಿನ ಸೂಚ್ಯಂಕ ಆಗೋದು ಹಾಗೇ. ಅಲ್ಲೂ ಒಂದು ಬಲೆ ಇದೆ. ಸ್ಟೇಟಾ, ಎಸ್‌ಪಿಎಸ್‌ಎಸ್ ಹೇಳದಿದ್ದರೂ ಮೊದಲು ಸ್ಟ್ಯಾಂಡರ್ಡೈಸ್ ಮಾಡಿದಂತೆಯೇ ಲೆಕ್ಕ ಹಾಕುತ್ತವೆ. ಆರ್‌ನ 'ಪಿಆರ್‌ಕಾಂಪ್', ಸೈಕಿಟ್-ಲರ್ನ್ ಎರಡೂ ಸರಾಸರಿಯನ್ನಷ್ಟೇ ಕಳೆಯುತ್ತವೆ, ವಿಚಲನೆಯಿಂದ ಭಾಗಿಸಲ್ಲ. ಆಗ ಮತ್ತೆ ದೊಡ್ಡ ದನಿಯ ಅಂಕಿಯದ್ದೇ ರಾಜ್ಯಭಾರ.

ರಿಗ್ರೆಶನ್ ಮಾಡುವವರಿಗೆ ಒಂದು ಮಾತು

ವೇರಿಯಬಲ್‌ಗಳನ್ನು ಝೆಡ್ ಮಾಡಿ ರಿಗ್ರೆಶನ್‌ಗೆ ಹಾಕಿದರೆ ಮಾಡೆಲ್ ಎಷ್ಟು ಹೊಂದಿಕೊಳ್ಳುತ್ತೆ ಅನ್ನೋದು ಬದಲಾಗಲ್ಲ. ಗುಣಾಂಕದ ಅರ್ಥ ಬದಲಾಗುತ್ತೆ: 'ಸಾಕ್ಷರತೆ ಒಂದು ಶೇಕಡಾ ಏರಿದರೆ' ಅನ್ನೋದು 'ಒಂದು ಮಾನಕ ವಿಚಲನೆಯಷ್ಟು ಏರಿದರೆ' ಅಂತಾಗುತ್ತೆ. ನಗರ-ಗ್ರಾಮ, ಹೆಣ್ಣು-ಗಂಡು ಥರದ ಸೊನ್ನೆ-ಒಂದು ವೇರಿಯಬಲ್‌ಗಳನ್ನು ಝೆಡ್ ಮಾಡಬೇಡಿ, ಹೆಣ್ತನದ 'ಒಂದು ಮಾನಕ ವಿಚಲನೆ' ಅಂದರೆ ಯಾರಿಗೂ ಅರ್ಥವಾಗಲ್ಲ. ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಗೆಲ್ಮನ್ 2008ರಲ್ಲಿ ಒಂದು ದಾರಿ ಸೂಚಿಸಿದ್ದಾರೆ: ಉಳಿದ ವೇರಿಯಬಲ್‌ಗಳನ್ನು ಎರಡು ಮಾನಕ ವಿಚಲನೆಯಿಂದ ಭಾಗಿಸಿ, ಸೊನ್ನೆ-ಒಂದನ್ನು ಹಾಗೇ ಬಿಡಿ, ಆಗ ಎರಡೂ ಹೋಲಿಸುವಂತಾಗುತ್ತವೆ.

ಪರೀಕ್ಷಾ ಹಾಲ್‌ನಿಂದ ಬೀದಿಗೆ

ಇದೆಲ್ಲ ತಜ್ಞರ ವಿಷಯ, ನಮಗ್ಯಾಕೆ ಅನ್ನೋರಿಗೆ 2024ರ ನವೆಂಬರ್‌ನ ಪ್ರಯಾಗ್‌ರಾಜ್ ನೆನಪಿಸ್ತೀನಿ. ಉತ್ತರ ಪ್ರದೇಶ ಲೋಕಸೇವಾ ಆಯೋಗ ಪರೀಕ್ಷೆಯನ್ನು ಹಲವು ಪಾಳಿಯಲ್ಲಿ ನಡೆಸಿ ಅಂಕಗಳನ್ನು 'ನಾರ್ಮಲೈಸ್' ಮಾಡ್ತೀವಿ ಅಂದಾಗ ಸಾವಿರಾರು ಅಭ್ಯರ್ಥಿಗಳು ಆಯೋಗದ ಕಚೇರಿ ಮುಂದೆ ಕೂತರು. ಬೇಡಿಕೆ: ಒಂದೇ ದಿನ, ಒಂದೇ ಪಾಳಿ. ಪಿಸಿಎಸ್ ಪೂರ್ವಭಾವಿ ಪರೀಕ್ಷೆಯ ಮಟ್ಟಿಗೆ ಆಯೋಗ ಹಿಂದೆ ಸರಿಯಿತು. ಅಲ್ಲಿನ ಸೂತ್ರ ಪರ್ಸೆಂಟೈಲ್ ಆಧಾರಿತ, ಝೆಡ್ ಸ್ಕೋರ್ ಅಲ್ಲ. ಆದರೆ ಎರಡರ ನಂಬಿಕೆ ಒಂದೇ: ಬೆಳಗಿನ ಪಾಳಿಯವರೂ ಮಧ್ಯಾಹ್ನದ ಪಾಳಿಯವರೂ ಒಟ್ಟಾರೆ ಸಮಾನ ಶಕ್ತರು, ವ್ಯತ್ಯಾಸ ಇದ್ದರೆ ಪ್ರಶ್ನೆಪತ್ರಿಕೆಯದ್ದೇ. ಆ ನಂಬಿಕೆಯನ್ನು ಯಾರಾದರೂ ಪರೀಕ್ಷಿಸಿದ್ದಾರಾ, ಫಲಿತಾಂಶ ಎಲ್ಲರಿಗೂ ಕಾಣುವಂತಿದೆಯಾ ಅನ್ನೋದು ನ್ಯಾಯವಾದ ಪ್ರಶ್ನೆ. ಅದನ್ನು ಕೇಳಿದವರು ಗಣಿತ ಬರದವರಲ್ಲ.

ಮುಂದಿನ ಸಲ ಒಂದು ಸೂಚ್ಯಂಕ ಕಂಡಾಗ

ಯಾವುದೇ ವರದಿ 'ಹಿಂದುಳಿದ', 'ಮುಂಚೂಣಿ', 'ರ‍್ಯಾಂಕ್' ಅಂದಾಗ ಈ ಆರು ಪ್ರಶ್ನೆ ಕೇಳಿ:

1. ಮೂಲ ಅಂಕಿಗಳನ್ನು ಒಂದೇ ಅಳತೆಗೆ ತಂದಿದ್ದು ಹೇಗೆ? ಝೆಡ್ ಸ್ಕೋರೋ, ಸರಾಸರಿಯಿಂದ ಭಾಗಾಕಾರವೋ, ಕನಿಷ್ಠ-ಗರಿಷ್ಠ ವಿಧಾನವೋ?
2. ಸರಾಸರಿ ಯಾರದ್ದು? ಜಿಲ್ಲೆಯದ್ದೋ, ರಾಜ್ಯದ್ದೋ, ಹೊರಗಿನ ಮಾನದಂಡವೋ?
3. ಬೇರೆ ಬೇರೆ ವರ್ಷಗಳಿಗೆ ಒಂದೇ ಸರಾಸರಿ ಬಳಸಿದ್ದಾರಾ?
4. ಮಾಹಿತಿ ಇಲ್ಲದ ಕಡೆ ಏನು ಮಾಡಿದರು?
5. ಪ್ರತಿ ಸೂಚಕದ ದಿಕ್ಕು, ತೂಕ ಯಾರು ನಿರ್ಧರಿಸಿದರು, ಯಾಕೆ?
6. ವಿಧಾನ ಬದಲಿಸಿದರೆ ಎಷ್ಟು ತಾಲೂಕುಗಳು ಗೆರೆಯ ಆಚೀಚೆ ಹೋಗುತ್ತವೆ?

ಕೊನೆಯದಕ್ಕೆ ಉತ್ತರ ಕೊಡುವ ವರದಿಗಳು ಕಡಿಮೆ. ಆದರೆ ಕಚ್ಚಾ ಅಂಕಿ ಪ್ರಕಟಿಸಿದ್ದರೆ ಉತ್ತರ ನಾವೇ ಹುಡುಕಬಹುದು. ಮೇಲಿನ ಆರು ಜಿಲ್ಲೆಯ ಹನ್ನೆರಡು ಅಂಕಿಗಳನ್ನು ಇವತ್ತೇ ಒಂದು ಶೀಟ್‌ನಲ್ಲಿ ಹಾಕಿ ನೋಡಿ, ಅರ್ಧ ಗಂಟೆಯ ಕೆಲಸ. ಕಚ್ಚಾ ಅಂಕಿಯನ್ನೇ ಕೊಡದ ಸಮಿತಿ, ಇಲಾಖೆ, ಆಯೋಗಗಳಿಂದ ಮೊದಲು ಅದನ್ನು ಕೇಳಿ ಪಡೆಯಬೇಕು. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ. ಅಂತಿಮ ರ‍್ಯಾಂಕ್ ಪಟ್ಟಿಯ ಜೊತೆಗೆ ಸೂಚಕವಾರು ಮೂಲ ಅಂಕಿ, ಬಳಸಿದ ಸರಾಸರಿ, ಮಾನಕ ವಿಚಲನೆ, ತೂಕ ಇಷ್ಟನ್ನೂ ಬರೆದು ಕೇಳಿ. ಅದು ಕೈಗೆ ಬಂದರೆ ನಿಮ್ಮ ತಾಲೂಕು ಗೆರೆಯ ಯಾವ ಕಡೆ ಇದೆ, ಯಾಕಿದೆ ಅಂತ ನೀವೇ ಲೆಕ್ಕ ಹಾಕಬಹುದು.